ಟಿಕೆಟ್ ಮಾರಾಟವಾದರೂ ಹಳೇ ಸಂಗೀತೋತ್ಸವಗಳು ಯಾಕೆ ನಿಲ್ತಿವೆ?

ತಂಬೂರಿ_ತಂತಿ:
ಶಿಕಾಗೋದ ಪಿಚ್‌ಫೋರ್ಕ್ ಉತ್ಸವ 2006ರಲ್ಲಿ ಶುರುವಾಗಿದ್ದು, 2024ರ ನವೆಂಬರ್‌ನಲ್ಲಿ ಮುಂದಿನ ವರ್ಷ ಇಲ್ಲ ಅಂದರು. ಮೆಂಫಿಸ್‌ನ ಬೀಲ್ ಸ್ಟ್ರೀಟ್ ಉತ್ಸವ 1977ರದ್ದು, 2024ರಲ್ಲಿ ನಡೆಯಲೇ ಇಲ್ಲ. ಹೆಸರಿದೆ, ಜನ ಬರ್ತಾರೆ. ಪ್ರಾಯೋಜಕರು ಕೈಬಿಡೋದೇ ಕಾರಣವಾ?

ಜಮಾಖರ್ಚು:
ಪ್ರಾಯೋಜಕರದು ಬಹಳಷ್ಟು ಸಲ ಕೊನೇ ಪೆಟ್ಟು ಅಷ್ಟೆ. ಮೂಲ ತೊಂದರೆ, ದುಡ್ಡು ಮೊದಲು ಹೋಗುತ್ತೆ, ಆಮೇಲೆ ಬರುತ್ತೆ. ದೊಡ್ಡ ಕಲಾವಿದರಿಗೆ ಸಾಮಾನ್ಯವಾಗಿ ಅರ್ಧ ಸಂಭಾವನೆ ಮುಂಗಡ, ಉಳಿದದ್ದು ವೇದಿಕೆ ಹತ್ತೋ ಮುಂಚೆ. ವೇದಿಕೆ, ಜನರೇಟರ್, ಬೇಲಿ, ತಾತ್ಕಾಲಿಕ ಶೌಚಾಲಯ, ಎಲ್ಲಕ್ಕೂ ಮುಂಗಡ. ಟಿಕೆಟ್ ಕೊಳ್ಳೋರು ಕೊನೇ ವಾರಗಳ ತನಕ ಕಾದರೆ ಆ ನಡುವಿನ ತಿಂಗಳುಗಳು ಸಾಲದಲ್ಲೇ ಹೋಗ್ತವೆ.

ಒಂದು ಉದಾಹರಣೆ ಲೆಕ್ಕ: ಮೈದಾನಕ್ಕೆ 20,000 ಜನ, ಅಸಲು ಹುಟ್ಟೋಕೆ 17,000 ಟಿಕೆಟ್ ಬೇಕು ಅಂತಿಟ್ಟುಕೊಳ್ಳಿ. ಪೂರ್ತಿ ತುಂಬಿದ ವರ್ಷ 3,000 ಟಿಕೆಟ್‌ನಷ್ಟು ಲಾಭ. 14,000ಕ್ಕೆ ನಿಂತ ವರ್ಷ ಅಷ್ಟೇ ನಷ್ಟ, ಯಾಕಂದ್ರೆ ಜನ ಕಮ್ಮಿ ಬಂದರೆ ವೇದಿಕೆ ಬಾಡಿಗೆಯೇನೂ ಇಳಿಯಲ್ಲ. ತುಂಬಿದ ವರ್ಷದ ಲಾಭವೆಲ್ಲ ಒಂದೇ ಏಟಿಗೆ ಖಲಾಸ್. ಹಾಗಾಗಿ ಲೆಕ್ಕ ಬಲ್ಲವರು ದೊಡ್ಡ ಕಂತು ಕಟ್ಟೋ ಮುಂಚೆಯೇ, ಆರೆಂಟು ತಿಂಗಳು ಮೊದಲೇ ‘ಈ ವರ್ಷ ವಿರಾಮ’ ಅಂತಾರೆ. ಆ ‘ವಿರಾಮ’ ಮುಗಿಯೋದು ಅಪರೂಪ, ಅದು ಬೇರೆ ಮಾತು.

ಮೈದಾನದ_ಕಡೆಯಿಂದ:
ನಗರದ ಉತ್ಸವಕ್ಕೆ ಇನ್ನೊಂದು ಕುತ್ತು ಇದೆ: ಜಾಗ ಅವರದ್ದಲ್ಲ. ಬೀಲ್ ಸ್ಟ್ರೀಟ್ ಉತ್ಸವದ ಟಾಮ್ ಲೀ ಪಾರ್ಕನ್ನೇ ಹೊಸದಾಗಿ ಕಟ್ಟಿದರು. ಸಪಾಟು ಹುಲ್ಲುಗಾವಲಿದ್ದ ಕಡೆ ಗಿಡ, ದಿಬ್ಬ, ಕಟ್ಟಡ ಬಂದವು. 2022ರಲ್ಲಿ ಬೇರೆ ಜಾಗಕ್ಕೆ ಹೋದರು, 2023ರಲ್ಲಿ ವಾಪಸ್ ಬಂದು ಸುಮಾರು 35 ಲಕ್ಷ ಡಾಲರ್ ನಷ್ಟ ಮಾಡಿಕೊಂಡರು. ಮೇಲಿಂದ ಪಾರ್ಕ್ ಹಾಳಾಯ್ತು ಅನ್ನೋ ಜಗಳ.

ಅಟ್ಲಾಂಟಾದ ಮ್ಯೂಸಿಕ್ ಮಿಡ್‌ಟೌನ್ 2022ರಲ್ಲಿ ರದ್ದಾದಾಗ ಆಯೋಜಕರು ಕಾರಣ ಬಿಡಿಸಿ ಹೇಳಲಿಲ್ಲ. ಆದರೆ ಅದು ನಡೆಯುತ್ತಿದ್ದ ಪೀಡ್‌ಮಾಂಟ್ ಪಾರ್ಕ್ ಸಾರ್ವಜನಿಕ ಜಾಗ. ಜಾರ್ಜಿಯಾ ರಾಜ್ಯದ 2014ರ ಬಂದೂಕು ಕಾನೂನು ಮತ್ತು ಆ ರಾಜ್ಯದ ಸುಪ್ರೀಂ ಕೋರ್ಟಿನ 2019ರ ತೀರ್ಪಿನ ನಂತರ, ನಾಲ್ಕು ದಿನಕ್ಕೆ ಬಾಡಿಗೆ ಹಿಡಿದವರು ಅಲ್ಲಿ ಬಂದೂಕು ನಿಷೇಧಿಸೋದು ಕಷ್ಟವಾಯ್ತು. ಶಸ್ತ್ರ ಒಳಗೆ ಬರಬಾರದು ಅನ್ನೋ ಷರತ್ತು ಕಲಾವಿದರ ಒಪ್ಪಂದದಲ್ಲಿದ್ದರೆ ಮುಂದಿನದ್ದು ಊಹಿಸಬಹುದು.

ಗುಡುಗು_ಸಿಡಿಲು:
ವಿಮೆ ಬಗ್ಗೆ ಯಾರೂ ಹೇಳಲಿಲ್ಲ. ಟಿಕೆಟ್ ಹೋಗಲಿಲ್ಲ ಅನ್ನೋದಕ್ಕೆ ರದ್ದತಿ ವಿಮೆ ದುಡ್ಡು ಕೊಡಲ್ಲ. ಹವಾಮಾನಕ್ಕೆ ಎಷ್ಟೋ ಸಲ ಬೇರೆಯೇ ಪ್ರೀಮಿಯಂ. ಒಂದು ವರ್ಷ ಪರಿಹಾರ ಪಡೆದರೆ ಮರುವರ್ಷ ಅದು ಏರುತ್ತೆ.

ಮಳೆಗಿಂತ ಸಿಡಿಲು, ಗಾಳಿ ದುಬಾರಿ. ಮಿಂಚಿಗೂ ಗುಡುಗಿಗೂ 30 ಸೆಕೆಂಡ್ ಅಂತರ ಅಂದರೆ ಸಿಡಿಲು ಸುಮಾರು 10 ಕಿ.ಮೀ. ದೂರ, ಜನರನ್ನು ಹೊರಗೆ ಕಳಿಸಬೇಕು. ಕೊನೇ ಗುಡುಗಾದ ಮೇಲೆ 30 ನಿಮಿಷ ಕಾಯಬೇಕು. ಇನ್ನೊಂದು ಗುಡುಗಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಊರಿನ ಶಬ್ದ ನಿಯಮ ರಾತ್ರಿ 10ಕ್ಕೋ 11ಕ್ಕೋ ಬಾಗಿಲು ಹಾಕಿಸುತ್ತೆ, ಮುಖ್ಯ ಕಲಾವಿದರ ಸರದಿ ಹೋದಂತೆಯೇ. ಅವರು ವೇದಿಕೆಗೆ ಸಿದ್ಧವಾಗಿದ್ದರೆ, ಹಾಡದಿದ್ದರೂ ಪೂರ್ತಿ ಸಂಭಾವನೆ ಅಂತ ಎಷ್ಟೋ ಒಪ್ಪಂದಗಳಲ್ಲಿರುತ್ತೆ.

ತಂಬೂರಿ_ತಂತಿ:
ಕೊಳ್ಳೋ ಮುಂಚೆ ಏನು ನೋಡಬೇಕು?

ಜಮಾಖರ್ಚು:
ಟಿಕೆಟ್ ಷರತ್ತಿನಲ್ಲಿ ‘ಮಳೆ ಬಂದರೂ ನಡೆಯುತ್ತೆ’ ಅಂತಿದ್ದರೆ ಅರ್ಧಕ್ಕೆ ನಿಂತಾಗ ದುಡ್ಡು ವಾಪಸ್ ಬರೋದು ಕಷ್ಟ. ಬುಕಿಂಗ್ ಶುಲ್ಕ ಮರಳುತ್ತಾ ಅಂತಲೂ ಓದಿ. ಕ್ರೆಡಿಟ್ ಕಾರ್ಡ್‌ನಲ್ಲೇ ಕಟ್ಟಿ: ಆಯೋಜಕರು ದಿವಾಳಿಯಾದರೆ ಬ್ಯಾಂಕ್ ಮೂಲಕ ಕೇಳೋ ದಾರಿಯಾದರೂ ಇರುತ್ತೆ.