ಹಳೇ ಬೋರ್ಡ್ ಫೈಲ್ ಬಿಟ್ಟು ಡಿವೈಸ್ ಟ್ರೀಗೆ ಹೋಗ್ಬೇಕಾ? ಮಾಡಿರೋರು ಹೇಳಿ

ಪ್ರಶ್ನೆ: ಎಟಿ91ಸ್ಯಾಮ್9260 ಚಿಪ್ ಇರೋ ಬೋರ್ಡು, ಲಿನಕ್ಸ್ ಕರ್ನಲ್ 2.6.30. ಹಾರ್ಡ್‌ವೇರ್ ವಿವರ ಈಗ ಕರ್ನಲ್‌ನ ಸಿ ಕೋಡಲ್ಲಿದೆ (ಬೋರ್ಡ್ ಫೈಲ್), ಹೊಸ ಕರ್ನಲ್ ಅದನ್ನ ಬೇರೆ ವಿವರಣೆ ಫೈಲಲ್ಲಿ (ಡಿವೈಸ್ ಟ್ರೀ) ಕೇಳತ್ತೆ. ಬೂಟ್‌ಲೋಡರ್‌ಗೆ (ಕರ್ನಲ್‌ನ ಶುರು ಮಾಡೋ ಪ್ರೋಗ್ರಾಂ) ಡಿಟಿಬಿ (ಕಂಪೈಲ್ ಆದ ಡಿವೈಸ್ ಟ್ರೀ) ಗೊತ್ತಿಲ್ಲ, ಅದನ್ನ ಮುಟ್ಟೋ ಹಾಗೂ ಇಲ್ಲ. ಹೊಸ ಕರ್ನಲ್‌ಗೆ ತರೋದು ಎಷ್ಟು ಕಷ್ಟ?

ಒಮ್ಯಾಪ್_ಹಳಬ: ಖಂಡಿತ ಮಾಡಿ ಸರ್. ನಂದು ಒಮ್ಯಾಪ್4 ಚಿಪ್. ಮೊದಲನೇ ಏಟು ಇಂಟರಪ್ಟ್ ನಂಬರಲ್ಲಿ, ಹಳೇ ಕೋಡಲ್ಲಿ ಯುಆರ್ಟ್3ಗೆ (ಸೀರಿಯಲ್ ಪೋರ್ಟ್) 106 ಅಂತಿರತ್ತೆ, ಡಿಟಿಎಸ್‌ನಲ್ಲಿ (ಡಿವೈಸ್ ಟ್ರೀಯ ಮೂಲ ಫೈಲ್) 32 ಕಳೆದು 74 ಬರೀಬೇಕು. ಅದಾದ್ಮೇಲೆ ಎಸ್‌ಡಿ ಕಾರ್ಡಿಗೆ ಪವರೇ ಬರ್ತಿರ್ಲಿಲ್ಲ. ಜಿಪಿಐಒ (ಆ ಪವರ್ ಆನ್ ಮಾಡೋ ಪಿನ್) ಫ್ಲ್ಯಾಗ್‌ನಲ್ಲಿ ಆ್ಯಕ್ಟಿವ್ ಹೈ (ಪಿನ್ ಹೈ ಆದ್ರೆ ಆನ್) ಅಂತ ಸರಿಯಾಗೇ ಇತ್ತು, ಆದ್ರೆ ಫಿಕ್ಸೆಡ್ ರೆಗ್ಯುಲೇಟರ್ (ಪವರ್ ನೋಡ್ಕೊಳ್ಳೋ ಡ್ರೈವರ್) ಆ ಫ್ಲ್ಯಾಗ್ ನೋಡೋದೇ ಇಲ್ಲ, ಎನೇಬಲ್-ಆ್ಯಕ್ಟಿವ್-ಹೈ ಅಂತ ಬೇರೆ ಪ್ರಾಪರ್ಟಿ ಹಾಕ್ದೆ ಹೋದ್ರೆ ಆ್ಯಕ್ಟಿವ್ ಲೋ ಅಂತಾನೇ ತಗೊಳತ್ತೆ. ಆಸಿಲೋಸ್ಕೋಪ್ ಇಟ್ಕೊಂಡು ರಾತ್ರಿಗಟ್ಟಲೆ ಕೂತಿದ್ದೀನಿ. ಇವತ್ತು ಹೊಸ ಕರ್ನಲ್ ಬಂದ್ರೆ ಬಿಲ್ಡ್ ಮಾಡಿ ಬೂಟ್ ಮಾಡೋದಷ್ಟೇ ಕೆಲಸ, ಆ ಕಷ್ಟಕ್ಕೆ ತಕ್ಕ ಫಲ ಸಿಕ್ಕಿದೆ.

ಎಸ್3ಸಿ ಬಳಗ: ನಿಮ್ ಚಿಪ್ ಉಳೀತು, ಅದಕ್ಕೆ ಹೀಗೆ ಹೇಳ್ತೀರ. ನಾವು ಸ್ಯಾಮ್‌ಸಂಗ್ ಎಸ್3ಸಿ2416 ಚಿಪ್ ಮೇಲೆ ಇದ್ವಿ, ಅದಕ್ಕೆ ಡಿಟಿ (ಡಿವೈಸ್ ಟ್ರೀ) ಸಪೋರ್ಟ್ ಇತ್ತು ಅಂತ ನಂಬ್ಕೊಂಡು ಪ್ಲಾಟ್‌ಫಾರ್ಮ್ ಡೇಟಾದಲ್ಲಿದ್ದ (ಬೋರ್ಡ್ ಫೈಲ್ ಡ್ರೈವರ್‌ಗೆ ಕೊಡೋ ಮಾಹಿತಿ) ಕಾಲ್‌ಬ್ಯಾಕ್ ಫಂಕ್ಷನ್‌ಗಳನ್ನೆಲ್ಲ ಕಿತ್ತು ಡ್ರೈವರ್ ಒಳಗೆ ತಂದ್ವಿ, ಬ್ಯಾಕ್‌ಲೈಟ್ ಆನ್ ಮಾಡೋ ಒಂದು ಫಂಕ್ಷನ್‌ಗೋಸ್ಕರ ಪೂರ್ತಿ ಪಿಡಬ್ಲ್ಯುಎಂ (ಬೆಳಕು ಹೆಚ್ಚು ಕಡಿಮೆ ಮಾಡೋ ಸಿಗ್ನಲ್) ಡ್ರೈವರ್ ಓದಿದ್ವಿ. 2023ರಲ್ಲಿ ಕರ್ನಲ್ 6.3 ಬಂತು, ಎಸ್3ಸಿ24 ಸರಣಿ ಪೂರ್ತಿ ಎತ್ತಿ ಬಿಸಾಕಿದ್ರು. ಡಿಟಿ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ. ಈಗ 6.1 ಮೇಲೆ ಕೂತಿದ್ದೀವಿ.

ಒಮ್ಯಾಪ್_ಹಳಬ: ನಿಮ್ಮ ಬೋರ್ಡಿನ ಡಿಟಿಎಸ್ ಅಪ್‌ಸ್ಟ್ರೀಮ್‌ಗೆ (ಮೂಲ ಕರ್ನಲ್‌ಗೆ) ಕಳಿಸಿದ್ರಾ? ಬಳಸೋರು ಇದ್ದಾರೆ ಅಂತ ಮೇಲಿಂಗ್ ಲಿಸ್ಟಲ್ಲಿ ಯಾರೂ ಬಾಯಿ ಬಿಡ್ದಿದ್ರೆ ತೆಗೀದೆ ಏನ್ಮಾಡ್ತಾರೆ?

ಎಸ್3ಸಿ ಬಳಗ: ಕಳಿಸಿದ್ವಿ ಸ್ವಾಮಿ! ಬೈಂಡಿಂಗ್‌ನ (ಯಾವ ಪ್ರಾಪರ್ಟಿ ಹೇಗಿರ್ಬೇಕು ಅನ್ನೋ ನಿಯಮ) ಯಾಮಲ್ ಸ್ಕೀಮಾದಲ್ಲಿ ಬರೀರಿ, ಡಿಟಿಬಿಎಸ್_ಚೆಕ್ (ಆ ನಿಯಮದ ಪರೀಕ್ಷೆ) ಕ್ಲೀನ್ ಮಾಡಿ ಅಂತ ವಾಪಸ್ ಬಂತು. ಪ್ರಾಡಕ್ಟ್ ಶಿಪ್ ಮಾಡೋರಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿದೆ?

ನ್ಯಾಂಡ್ ನೊಂದವ: ಯಾಮಲ್ ಬೈಬೇಡಿ. ಪ್ರಾಪರ್ಟಿ ಹೆಸರಲ್ಲಿ ಒಂದಕ್ಷರ ತಪ್ಪಿದ್ರೆ ಕರ್ನಲ್ ತುಟಿಪಿಟಕ್ ಅನ್ನಲ್ಲ, ಸ್ಕೀಮಾ ಚೆಕ್ ಮಾತ್ರ ಹಿಡಿಯತ್ತೆ. ನಮ್ಮಲ್ಲಿ ಹಿಂದಿನ ಟೀಮ್ ಬೋರ್ಡ್ ಫೈಲಲ್ಲಿ ಸಾಫ್ಟ್‌ವೇರ್ ಇಸಿಸಿ (ಫ್ಲ್ಯಾಶ್‌ನ ತಪ್ಪು ತಿದ್ದೋ ಕೋಡ್) ಇಟ್ಟಿತ್ತು, ಡಿಟಿಎಸ್ ಬರೆದುಕೊಟ್ಟ ಕಾಂಟ್ರ್ಯಾಕ್ಟರ್ ಹಾರ್ಡ್‌ವೇರ್ ಅಂತ ಹಾಕಿದ್ದ. ಫೀಲ್ಡಲ್ಲಿದ್ದ ಯುನಿಟ್‌ಗಳ ಫ್ಲ್ಯಾಶ್ ಓದಿದ್ರೆ ಬರೀ ಇಸಿಸಿ ಎರರ್, ಯುಬಿಐ (ಫ್ಲ್ಯಾಶ್ ನೋಡ್ಕೊಳ್ಳೋ ಪದರ) ಮೌಂಟೇ ಆಗ್ಲಿಲ್ಲ, ಒಂದೊಂದನ್ನೂ ಬಿಚ್ಚಿ ಜೆಟ್ಯಾಗಲ್ಲಿ (ಡೀಬಗ್ ಕನೆಕ್ಟರ್) ಮತ್ತೆ ಬರೆಸಿದ್ವಿ.

ಎಸ್3ಸಿ ಬಳಗ: ಇಸಿಸಿ ಮೋಡ್ ತಪ್ಪಿದ್ರೆ ನಿಮ್ಮ ಸ್ಕೀಮಾ ಹಿಡಿಯತ್ತಾ? ಎರಡೂ ವ್ಯಾಲಿಡ್ ವ್ಯಾಲ್ಯೂನೇ ಅಲ್ವಾ.

ನ್ಯಾಂಡ್ ನೊಂದವ: ಹಿಡಿಯತ್ತೆ ಅಂತ ನಾನೆಲ್ಲಿ ಹೇಳ್ದೆ? ಸರಿಯಾಗಿ ಓದಿ.

ಪ್ರಶ್ನೆ ಕೇಳಿದವ: ನನ್ನ ಬೂಟ್‌ಲೋಡರ್ ವಿಷ್ಯ ಯಾರಾದ್ರೂ...

ಒಮ್ಯಾಪ್_ಹಳಬ: ಕಾನ್ಫಿಗಲ್ಲಿ ಎಆರ್‌ಎಂ_ಅಪೆಂಡೆಡ್_ಡಿಟಿಬಿ ಆನ್ ಮಾಡಿ ಜಡ್‌ಇಮೇಜ್ (ಕಂಪ್ರೆಸ್ ಆದ ಕರ್ನಲ್ ಫೈಲ್) ಹಿಂದೆ ಡಿಟಿಬಿನ ಕ್ಯಾಟ್ ಮಾಡಿ ಅಂಟಿಸಿ, ಯುಇಮೇಜ್ (ಯು-ಬೂಟ್ ಬೂಟ್‌ಲೋಡರ್‌ನ ರೂಪ) ಬೇಕಿದ್ರೆ ಅದಾದ್ಮೇಲೆ ಮಾಡಿ. ಎಆರ್‌ಎಂ_ಎಟ್ಯಾಗ್_ಡಿಟಿಬಿ_ಕಂಪ್ಯಾಟ್ ಸಹ ಹಾಕಿದ್ರೆ ಹಳೇ ಬೂಟ್‌ಲೋಡರ್ ಕೊಡೋ ಮೆಮೊರಿ ಸೈಜು, ಕಮಾಂಡ್ ಲೈನು ಟ್ರೀ ಒಳಗೆ ಬರತ್ತೆ. ಕರ್ನಲ್ ಪಾರ್ಟಿಷನ್ ಎಷ್ಟಿದೆ ಅಂತ ಮೊದ್ಲೇ ನೋಡ್ಕೊಳ್ಳಿ, 2.6 ಕಾಲದ 2 ಎಂಬಿ ಜಾಗದಲ್ಲಿ ಈಗಿನ ಕರ್ನಲ್ ಕೂರಿಸೋದು ಬಹಳ ಕಷ್ಟ.