ಕಣಿವೆ ಅಂದರೆ ಮೇಲೋ ಕೆಳಗೋ?

ಎಲ್ಲರಿಗೂ ನಮಸ್ಕಾರ. ಒಂದು ಪದದಿಂದ ಮುಕ್ಕಾಲು ಗಂಟೆ ಹಾಳಾದ ಕಥೆ ಮೊದಲು ಹೇಳಿಬಿಡುತ್ತೇನೆ. ಏರು ಮುಗಿದು ಇಳಿತ ಶುರುವಾಗುವ ಜಾಗಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವ ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ.

ಕಳೆದ ಡಿಸೆಂಬರಿನಲ್ಲಿ ನಾವು ಐದು ಜನ ಸೈಕಲ್ ತುಳಿದುಕೊಂಡು ಕೊಡಗು ಸುತ್ತಿದೆವು. ಕುಶಾಲನಗರದಿಂದ ಮಡಿಕೇರಿ, ಅಲ್ಲಿಂದ ಭಾಗಮಂಡಲ, ತಲಕಾವೇರಿ, ಮತ್ತೆ ಮಡಿಕೇರಿಗೆ ಬಂದು ಸಂಪಾಜೆ ಇಳಿದು ಸುಳ್ಯ. ದಿನದಿನದ ದಾರಿ ಬರೆದು ಎಲ್ಲರ ಕೈಗೂ ಒಂದೊಂದು ಹಾಳೆ ಕೊಡುವ ಕೆಲಸ ನನ್ನದು. ಪೂರ್ತಿ ಕನ್ನಡದಲ್ಲೇ ಬರೆಯಬೇಕು ಅನ್ನುವ ಹಟ ಬೇರೆ. ಎರಡನೇ ದಿನದ ಹಾಳೆಯಲ್ಲಿ, 'ಚೇರಂಬಾಣೆಗೆ ಮೊದಲು ಸಿಗುವ ಕಣಿವೆಯಲ್ಲಿ ಎಲ್ಲರೂ ಸೇರೋಣ' ಎಂದು ಬರೆದಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಏರು ಮುಗಿದು ಆ ಕಡೆ ಇಳಿಯಲು ಶುರುವಾಗುವ ಜಾಗ. ಶಾಲೆಯಲ್ಲಿ 'ಖೈಬರ್ ಕಣಿವೆ' ಎಂದು ಬಾಯಿಪಾಠ ಮಾಡಿದವನು ನಾನು.

ನಾವು ಮೂವರು ಮೇಲೆ ನಿಂತು ಕಾದೆವು. ಬೆವರು ಆರಿ ಚಳಿ ಹಿಡಿಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಕೊನೆಗೆ ಒಬ್ಬ ವಾಪಸ್ ಇಳಿದು ನೋಡಿದರೆ, ಉಳಿದ ಇಬ್ಬರು ಕೆಳಗೆ ತೋಡಿನ ಸೇತುವೆಯ ಕಟ್ಟೆ ಮೇಲೆ ಕೂತು ಆರಾಮಾಗಿ ಕಿತ್ತಳೆ ಸುಲಿಯುತ್ತಿದ್ದಾರೆ! ಸುಳ್ಯದ ಗೆಳೆಯ ಮೇಲೆ ಬಂದವನೇ ಕೇಳಿದ: 'ಕಣಿವೆ ಅಂದ್ರೆ ತಗ್ಗು ಅಲ್ವಾ ಮಾರಾಯ? ಕಾಶ್ಮೀರ ಕಣಿವೆ ಬೆಟ್ಟದ ತುದೀಲಿ ಉಂಟಾ?'

ಉತ್ತರ ಹೊಳೆಯಲಿಲ್ಲ. ಎರಡೂ ಸರಿಯೇ. ಒಂದೇ ಪುಸ್ತಕದಲ್ಲಿ ಖೈಬರ್, ಬೋಲಾನ್ ಕಣಿವೆಗಳೂ ಇರುತ್ತವೆ, ಕಾಶ್ಮೀರ ಕಣಿವೆಯೂ ಇರುತ್ತದೆ. ಮೊದಲನೆಯದು ಬೆಟ್ಟ ದಾಟುವ ದಾರಿ, ಎರಡನೆಯದು ಬೆಟ್ಟಗಳ ನಡುವಿನ ಅಗಲವಾದ ತಗ್ಗು. ಓದುವಾಗ ಯಾರಿಗೂ ಗೊಂದಲವಾಗುವುದಿಲ್ಲ. ಯಾಕೆಂದರೆ ಅಲ್ಲಿಗೆ ಯಾರೂ ಸೈಕಲ್‌ನಲ್ಲಿ ಹೋಗಿ ಕಾಯುತ್ತಾ ನಿಲ್ಲುವುದಿಲ್ಲ.

ಮನೆಗೆ ಬಂದ ಮೇಲೆ ಪಕ್ಕದ ಭಾಷೆಗಳನ್ನು ಸ್ವಲ್ಪ ನೋಡಿದೆ. ತಮಿಳಿನಲ್ಲಿ 'ಕಣವಾಯ್', ತೆಲುಗಿನಲ್ಲಿ 'ಕನುಮ'. ಎರಡೂ ಬೆಟ್ಟ ದಾಟುವ ದಾರಿಗೇ ಹೇಳುವ ಮಾತು. ತಮಿಳರಿಗೆ ಅದು 'ಕೈಬರ್ ಕಣವಾಯ್'. ನಮ್ಮ ಕಣಿವೆ ಇವುಗಳ ಒಡಹುಟ್ಟು ಅಂತ ಕಾಣುತ್ತದೆ. ಹಾಗಿದ್ದರೆ ಹಳೆಯ ಅರ್ಥ ನನ್ನದು, ಸುಳ್ಯದವನದು ಆಮೇಲೆ ಬಂದದ್ದು ಎಂದು ಒಳಗೊಳಗೇ ಖುಷಿಪಟ್ಟೆ.

ಆದರೆ ಊರ ಹೆಸರುಗಳು ಆ ಖುಷಿಯನ್ನು ಪೂರ್ತಿ ಉಳಿಸಲಿಲ್ಲ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ನೋಡಿ. ಅಲ್ಲಿ ವೇದಾವತಿ ನದಿ ಎರಡು ಗುಡ್ಡಗಳ ಸಂದಿಯಲ್ಲಿ ನುಗ್ಗಿ ಹೋಗುತ್ತಿತ್ತು. ಆ ಸಂದಿಗೇ ಅಡ್ಡಲಾಗಿ ಕಟ್ಟೆ ಹಾಕಿ ವಾಣಿವಿಲಾಸ ಸಾಗರ ಮಾಡಿದರು. ಕೆಲಸ ಮುಗಿದದ್ದು 1907ರಲ್ಲಿ. ಇಲ್ಲಿ ಸಂದಿಯಲ್ಲಿ ಹಾಯುವುದು ದಾರಿಯಲ್ಲ, ಹೊಳೆ. ನಮ್ಮ ಕೊಡಗಿನಲ್ಲೇ, ಕುಶಾಲನಗರದಿಂದ ಹೆಬ್ಬಾಲೆ ಕಡೆ ಹೋಗುವಾಗ, ಕಾವೇರಿ ದಡದಲ್ಲಿ ಕಣಿವೆ ಅಂತಲೇ ಒಂದು ಊರಿದೆ. ರಾಮಲಿಂಗೇಶ್ವರ ದೇವಸ್ಥಾನ, ಹೊಳೆ ದಾಟಲು ತೂಗುಸೇತುವೆ. ಪ್ರವಾಸದ ಮೊದಲ ದಿನ ಬೆಳಿಗ್ಗೆ ಸುಮ್ನೆ ಅಲ್ಲಿಗೂ ಒಂದು ಸುತ್ತು ಹೋಗಿ ಬಂದಿದ್ದೆವು. ಗೇರ್ ಬದಲಿಸುವ ಕೆಲಸವೇ ಬೀಳಲಿಲ್ಲ.

ನನಗೆ ಈಗ ಅನ್ನಿಸುವುದು ಇಷ್ಟು. ಕಣಿವೆ ಅಂದರೆ ಮೂಲದಲ್ಲಿ ಮೇಲೂ ಅಲ್ಲ, ಕೆಳಗೂ ಅಲ್ಲ, ಸಂದಿ. ಬೆಟ್ಟದ ಸಾಲನ್ನು ನೋಡುವವನಿಗೆ ಆ ಸಂದಿ ಸಾಲಿನ ತಗ್ಗು ಜಾಗ. ಕೆಳಗಿಂದ ಸೈಕಲ್ ತುಳಿದುಕೊಂಡು ಬರುವವನಿಗೆ ಅದೇ ದಾರಿಯ ಎತ್ತರದ ಜಾಗ. ಹೊಳೆಗೆ ಅದು ಬಾಗಿಲು. ಯಾರು ಎಲ್ಲಿ ನಿಂತು ಹೇಳಿದರು ಅನ್ನುವುದರ ಮೇಲೆ ಪದ ಎರಡು ಕಡೆಗೆ ಜಾರಿದೆ.

ಸರಿ, ಕಣಿವೆ ಬೇಡ, 'ಘಾಟಿ' ಎಂದು ಬರೆದಿದ್ದರೆ? ಅದೂ ಆಗುತ್ತಿರಲಿಲ್ಲ. ಅದು ಗೊತ್ತಾಗಿದ್ದು ಹಿಂದಿನ ದಿನವೇ, ಸುಂಟಿಕೊಪ್ಪದಲ್ಲಿ. ಆನೆಕಾಡು ದಾಟಿ ಏದುಸಿರು ಬಿಡುತ್ತಾ ಬಂದು ಒಂದು ಟೀ ಅಂಗಡಿಯಲ್ಲಿ ಕೂತಿದ್ದೆವು. ಪಕ್ಕದಲ್ಲಿ ಕಾಫಿ ತೋಟದ ರೈಟರ್ (ಲೆಕ್ಕ ಬರೆಯುವವರು) ಒಬ್ಬರು, ವಯಸ್ಸಾದವರು. 'ಅಣ್ಣಾ, ಮಡಿಕೇರಿಗೆ ಇನ್ನು ಎಷ್ಟು ದೂರ ಘಾಟಿ?' ಎಂದು ಕೇಳಿದೆ. ಅವರು ಗ್ಲಾಸು ಕೆಳಗಿಟ್ಟು ನಕ್ಕರು. 'ಘಾಟಿ ಇಲ್ಲೆಲ್ಲಿ ಬಂತು ಸಾರ್? ಘಾಟಿ ಇರೋದು ಮಡಿಕೇರಿಯಿಂದ ಆಚೆ, ಸಂಪಾಜೆ ಕಡೆ. ಇದು ಬರೀ ಏರು.'

ಬರೀ ಏರು! ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್, ಮಡಿಕೇರಿ ಸುಮಾರು 1,150. ಮುನ್ನೂರು ಮೀಟರ್ ಹತ್ತಿಸಿಯೂ ಅದು ಘಾಟಿ ಅನ್ನಿಸಿಕೊಳ್ಳಲಿಲ್ಲ. ಮೂರನೇ ದಿನ ಸಂಪಾಜೆ ಕಡೆ ಇಳಿಯುವಾಗ ಅವರ ಮಾತು ಅರ್ಥವಾಯಿತು. ಮದೆನಾಡು, ಜೋಡುಪಾಲ, ಕೊಯನಾಡು ಎಂದು ಇಳಿಯುತ್ತಲೇ ಇದ್ದೇವೆ. ಹೆಚ್ಚುಕಡಿಮೆ ಸಾವಿರ ಮೀಟರ್ ಇಳಿತ. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿತು. ರಬ್ಬರ್ ಸುಟ್ಟ ವಾಸನೆ ಮೂಗಿಗೆ ಬಡಿದಾಗ ಎಲ್ಲರೂ ನಿಂತು ರಿಮ್ ಆರುವ ತನಕ ಕಾದೆವು. ಕೆಳಗೆ ಬಂದಾಗ ಗಾಳಿಯೇ ಬೇರೆ, ಜಾಕೆಟ್ ತೆಗೆದು ಕಟ್ಟಿಕೊಂಡೆವು.

ಅಂದರೆ ಘಟ್ಟ ಅನ್ನುವುದು ಒಂದು ಜಾಗವಲ್ಲ, ಇಡೀ ಮೆಟ್ಟಿಲು. ಕಾಶಿಯ ಘಾಟ್‌ಗಳೂ ನೀರಿಗೆ ಇಳಿಯುವ ಮೆಟ್ಟಿಲುಗಳೇ ಅಲ್ವಾ. ನಮ್ಮ ಪಶ್ಚಿಮ ಘಟ್ಟ ಎರಡೂ ಕಡೆ ಸಮವಾಗಿ ಇಳಿಯುವ ಗೋಡೆಯಲ್ಲ. ಮೂಡಣಕ್ಕೆ ಎತ್ತರದ ನೆಲ ನಿಧಾನವಾಗಿ ಇಳಿಯುತ್ತದೆ, ಪಡುವಣಕ್ಕೆ ಸರ್ರನೆ ಕಡಿದುಕೊಂಡು ಬೀಳುತ್ತದೆ. ಹಾಗಾಗಿ ನಮ್ಮವರಿಗೆ 'ಘಟ್ಟ ಹತ್ತು', 'ಘಟ್ಟ ಇಳಿ' ಸಾಕಾಯಿತು. ಮಂಗಳೂರು ಕಡೆಯವರಿಗೆ ನಾವೆಲ್ಲ 'ಘಟ್ಟದ ಮೇಲಿನವರು'. ನಡುವೆ ಒಂದು ಬಿಂದುವಿಗೆ ಬೇರೆ ಹೆಸರಿಡುವ ಅಗತ್ಯವೇ ಬೀಳಲಿಲ್ಲ. ಹಿಮಾಲಯದಲ್ಲಿ ಹಾಗಲ್ಲ. ಹತ್ತಿ, ದಾಟಿ, ಆ ಕಡೆ ಇಳಿಯಬೇಕು. ಅಲ್ಲಿನ ಟಿಬೆಟನ್ ಮಾತಿನಲ್ಲಿ 'ಲಾ' ಅಂದರೆ ಆ ದಾಟುವ ಜಾಗವೇ. (ನಾವು 'ನಾಥೂ ಲಾ ಪಾಸ್' ಎಂದು ಎರಡೆರಡು ಸಲ ಹೇಳುತ್ತೇವೆ, ಇರಲಿ.)

ಮಲಯಾಳದ 'ಚುರಂ' ಕೂಡ ನಮ್ಮ ಘಾಟಿಯ ಹಾಗೇ. ವಿರಾಜಪೇಟೆಯಿಂದ ಇರಿಟ್ಟಿ ಕಡೆ ಇಳಿಯುವುದು ನಮಗೆ ಮಾಕುಟ್ಟ ಘಾಟಿ, ಅವರಿಗೆ ಮಾಕೂಟ್ಟಂ ಚುರಂ. ತಾಮರಶ್ಶೇರಿ ಚುರಂ ಅಂದರೂ ಒಂಬತ್ತು ಹೇರ್‌ಪಿನ್ ತಿರುವಿನ ಇಡೀ ದಾರಿ, ತುದಿ ಮಾತ್ರ ಅಲ್ಲ.

ಬರೀ ಏರು ಅಂದೆನಲ್ಲ, ಅದಕ್ಕೂ ನಮ್ಮ ಐದು ಜನರಲ್ಲಿ ಒಮ್ಮತವಿರಲಿಲ್ಲ. ನಾನು ಮೈಸೂರಿನವನು, ನನಗೆ ಏರು ಅಥವಾ ದಿಣ್ಣೆ. ಸುಳ್ಯದವನಿಗೆ ಚಡಾವು. ಬೆಂಗಳೂರಿನ ಇಬ್ಬರಿಗೆ 'ಅಪ್ಪು', ಅದರ ಜೋಡಿ 'ಡೌನು'. ಇವೆಲ್ಲ ಎಲ್ಲರಿಗೂ ಅರ್ಥವಾಗುತ್ತವೆ, ಜಗಳವಿಲ್ಲ. ಕಷ್ಟ ಇರುವುದು ಏರಿನ ಅಳತೆಯಲ್ಲಿ. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ.ನಲ್ಲಿ ಸುಮಾರು 400 ಮೀಟರ್ ಹತ್ತಬೇಕು. ಅಂದರೆ ನೂರಕ್ಕೆ ಐದು. ನೂರಕ್ಕೆ ಐದು ಏನು? ಪಾಠದ ಪುಸ್ತಕ 'ಇಳಿಜಾರು' ಅನ್ನುತ್ತದೆ. ನಾಲಿಗೆ ಹೊರಗೆ ಹಾಕಿಕೊಂಡು ಹತ್ತುತ್ತಿರುವವನಿಗೆ ಇದು ಇಳಿಜಾರು ಅಂದರೆ ಸೈಕಲ್ ಎತ್ತಿ ಬಿಸಾಡುತ್ತಾನೆ. ಗಾರೆ ಕೆಲಸದವರು ನೀರು ಹರಿದುಹೋಗಲಿ ಎಂದು ಬಚ್ಚಲ ನೆಲಕ್ಕೆ 'ವಾಟ' ಕೊಡುತ್ತಾರೆ. ಆ ಪದಕ್ಕೆ ಮೇಲು ಕೆಳಗಿನ ಹಂಗಿಲ್ಲ. 'ದಾರಿಯ ವಾಟ ನೂರಕ್ಕೆ ಐದು' ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ನನಗಂತೂ ಇಷ್ಟವಾಯಿತು.

ಇನ್ನೊಂದು ಪದ ದಾರಿಯುದ್ದಕ್ಕೂ ಕಿವಿಗೆ ಬೀಳುತ್ತಿತ್ತು: 'ಬರೆ'. ನಮ್ಮ ಕಡೆ ಬರೆ ಅಂದರೆ ಕಾಸಿ ಎಳೆಯುವುದು. ಕೊಡಗಿನಲ್ಲಿ ಮನೆ ಹಿಂದೆ, ರಸ್ತೆ ಪಕ್ಕ ಮಣ್ಣು ಕಡಿದು ನಿಲ್ಲಿಸಿದ ಗೋಡೆಯಂಥ ಅಂಚಿಗೆ ಬರೆ ಅನ್ನುತ್ತಾರೆ. 'ಬರೆ ಕುಸಿತ' ಎಂದು ಮಳೆಗಾಲದ ಪತ್ರಿಕೆಯಲ್ಲಿ ಓದಿರುತ್ತೀರಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿ ಸಂಪಾಜೆ ದಾರಿ ಮುಚ್ಚಿಹೋಗಿತ್ತು. ಜೋಡುಪಾಲದ ಹತ್ತಿರ ನೀರು ಕುಡಿಯಲು ನಿಂತಾಗ ಅಲ್ಲಿದ್ದ ಅಮ್ಮ ಒಬ್ಬರು, 'ಬರೆ ಕಡೆ ಸೈಕಲ್ ನಿಲ್ಲಿಸ್ಬೇಡಿ, ಈ ಕಡೆ ತನ್ನಿ' ಅಂದರು. ಮಳೆಯಿಲ್ಲದ ಡಿಸೆಂಬರಿನಲ್ಲೂ ಆ ಎಚ್ಚರ ಹೋಗಿಲ್ಲ. ಈ ಪದವನ್ನು ಹಾಳೆಯಲ್ಲಿ ಹಾಗೇ ಸೇರಿಸಿಕೊಂಡಿದ್ದೇನೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಏರು ಮುಗಿದು ಇಳಿತ ಶುರುವಾಗುವ ಆ ಒಂದು ಜಾಗಕ್ಕೆ, ಓದಿದ ಕೂಡಲೇ ಕಾಲು ಅಲ್ಲೇ ಊರುವಂಥ ಕನ್ನಡ ಪದ ಬೇಕು. 'ತುದಿ' ಅಂದರೆ ಬೆಟ್ಟದ ತುದಿಗೇ ಹತ್ತಿ ಬಿಡುತ್ತಾರೆ. ಗೆಳೆಯನೊಬ್ಬ ಕುದುರೆಯ ಬೆನ್ನಿನ ಹಾಗೆ ಬಗ್ಗಿದೆ, 'ಜೀನು' ಅನ್ನೋಣ ಎಂದ. ಮೂರು ದಿನ ಸೀಟಿನ ಮೇಲೆ ಕೂತು ಹಿಂಭಾಗ ನೋಯುತ್ತಿರುವವರಿಗೆ ಆ ಹೆಸರು ಬೇಡವೇ ಬೇಡ. ಸುಂಟಿಕೊಪ್ಪದ ರೈಟರ್ ಅವರನ್ನೂ ಕೇಳಿದ್ದೆ. 'ಗಾಡಿ ತಾನಾಗೇ ಉರುಳೋಕೆ ಶುರುವಾಗೋ ಜಾಗ' ಅಂದರು. ಚೆನ್ನಾಗಿದೆ, ಆದರೆ ಹೆಸರಾಗಲಿಲ್ಲ.

ನನ್ನ ಒಲವು 'ತಲೆ' ಕಡೆಗೆ. ಕಾವೇರಿ ಶುರುವಾಗುವ ಜಾಗ ತಲಕಾವೇರಿ ಆಗಿದೆಯಲ್ಲ, ಹಾಗೇ ಏರಿನ ತಲೆ, ಘಾಟಿಯ ತಲೆ. 'ನೆತ್ತಿ'ಯೂ ಆಗಬಹುದು, ಸ್ವಲ್ಪ ಕವಿತೆಯ ಹಾಗೆ ಕೇಳುತ್ತದೆ ಅಷ್ಟೇ. ಕೊಡವ ತಕ್ಕ್, ಅರೆಭಾಷೆ ಆಡುವವರು ಮನೆಯಲ್ಲಿ ಇದಕ್ಕೆ ಏನು ಹೇಳುತ್ತೀರಿ? ಹಳೇ ಲಾರಿ, ಬಸ್ ಡ್ರೈವರ್‌ಗಳ ಮಾತಿನಲ್ಲಿ ಏನಾದರೂ ಇದೆಯಾ? ಫೆಬ್ರವರಿಯಲ್ಲಿ ಭಾಗಮಂಡಲದಿಂದ ಕರಿಕೆ ದಾರಿ ಇಳಿಯುವ ಯೋಚನೆ ಇದೆ, ಹಾಳೆ ಬರೆಯಲು ಶುರು ಮಾಡಿದ್ದೇನೆ. ಈ ಸಲ ಐವರೂ ಒಂದೇ ಕಡೆ ನಿಂತು ಕಿತ್ತಳೆ ತಿನ್ನಬೇಕು.