ಸಾರ್ಗ್ಯಾಸಮ್‌ನಿಂದ ಫ್ಯೂಕಾಯ್ಡನ್ ತೆಗೆದರೆ ಕಂದು ಲೋಳೆ ಬರುತ್ತಿದೆ, ಯಾಕೆ?

ಕಡಲತಡಿ:
ಎಂಎಸ್ಸಿ ಪ್ರಾಜೆಕ್ಟ್‌ಗೆ ಕಾರವಾರದ ಬಂಡೆಗಳ ಮೇಲಿನ ಕಂದು ಕಡಲಕಳೆ ಸಾರ್ಗ್ಯಾಸಮ್‌ನಿಂದ ಫ್ಯೂಕಾಯ್ಡನ್ (ಫ್ಯೂಕೋಸ್ ಎಂಬ ಸಕ್ಕರೆ ಮತ್ತು ಸಲ್ಫೇಟ್ ಇರುವ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಗಳ ಉದ್ದ ಸರಪಳಿ) ಬೇರ್ಪಡಿಸಬೇಕು. ಈಗಿನ ಕ್ರಮ ಹೀಗಿದೆ: 10 ಗ್ರಾಂ ಒಣಪುಡಿಯನ್ನು 300 ಮಿಲಿ ನೀರಿನಲ್ಲಿ 90 ಡಿಗ್ರಿಗೆ 4 ತಾಸು ಕಾಯಿಸಿ, ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಎರಡು ಪಟ್ಟು ಎಥನಾಲ್ ಸೇರಿಸುವುದು. ಸಿಗುವುದು ಕಂದು ಲೋಳೆ. ಒಣಗಿದ ಮೇಲೆ ಹಾಳೆಯಂತಾಗುತ್ತದೆ, ನೀರಿಗೆ ಹಾಕಿದರೆ ಪೂರ್ತಿ ಕರಗುವುದಿಲ್ಲ. ತೂಕ ಮಾತ್ರ 2 ಗ್ರಾಂ ಮೇಲಿದೆ. ಡಿಪಿಪಿಎಚ್ ಪರೀಕ್ಷೆಯಲ್ಲಿ ಉತ್ಕರ್ಷಣ ನಿರೋಧಕ ಗುಣವೂ ಚೆನ್ನಾಗಿ ಕಾಣುತ್ತಿದೆ. ಇದನ್ನು ಫ್ಯೂಕಾಯ್ಡನ್ ಎಂದು ವರದಿಯಲ್ಲಿ ಬರೆಯಬಹುದೇ? ಈ ಕಳೆಯ ಪುಡಿ ತಿಂದರೆ ಥೈರಾಯ್ಡ್‌ಗೆ ಒಳ್ಳೆಯದೇ ಎಂದು ಮನೆಯವರು ಕೇಳುತ್ತಿದ್ದಾರೆ, ಅದಕ್ಕೂ ಯಾರಾದರೂ ಉತ್ತರಿಸಿ.

ಸಾರಸತ್ವ:
ಬರೆಯಬೇಡಿ. ನಿಮ್ಮ ಕೈಯಲ್ಲಿರುವುದರ ಬಹುಪಾಲು ಆಲ್ಜಿನೇಟ್, ಕಂದು ಕಳೆಯಲ್ಲಿರುವ ಇನ್ನೊಂದು ಪಾಲಿಸ್ಯಾಕರೈಡ್. 10 ಗ್ರಾಂಗೆ 2 ಗ್ರಾಂ ಎಂಬ ತೂಕವೇ ಅದನ್ನು ಹೇಳುತ್ತಿದೆ. ಸಾರ್ಗ್ಯಾಸಮ್‌ನಲ್ಲಿ ಶುದ್ಧ ಫ್ಯೂಕಾಯ್ಡನ್ ಸಾಮಾನ್ಯವಾಗಿ ಒಣತೂಕದ ಕೆಲವೇ ಶೇಕಡಾ ಸಿಗುತ್ತದೆ. ಬಿಸಿನೀರಿಗೆ ಎರಡೂ ಇಳಿಯುತ್ತವೆ, ಎಥನಾಲ್ ಎರಡನ್ನೂ ಒಟ್ಟಿಗೇ ಕೆಳಗೆ ಕೂರಿಸುತ್ತದೆ. ಖಚಿತಪಡಿಸಿಕೊಳ್ಳಲು, ಮಾದರಿಯ ದ್ರಾವಣದ ನಾಲ್ಕು ಹನಿಯನ್ನು ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಬಿಡಿ. ಮಣಿಯಂತೆಯೋ ಎಳೆಯಂತೆಯೋ ಗಟ್ಟಿಯಾದರೆ ಆಲ್ಜಿನೇಟ್ ಇದೆ.

ಕಳೆಯನ್ನು ಸಿಹಿನೀರಿನಲ್ಲಿ ಬೇಗ ತೊಳೆದು ಉಪ್ಪು, ಮರಳು ತೆಗೆಯಿರಿ. ಗಂಟೆಗಟ್ಟಲೆ ನೆನೆಸಿಟ್ಟರೆ ಬೇಕಾದದ್ದೂ ನೀರಿನೊಂದಿಗೆ ಹೋಗುತ್ತದೆ. 40–50 ಡಿಗ್ರಿಯಲ್ಲಿ ಒಣಗಿಸಿ ಪುಡಿ ಮಾಡಿ. ನೀರು ಮುಟ್ಟಿಸುವ ಮೊದಲು ಪುಡಿಯನ್ನು ಶೇ. 85ರ ಎಥನಾಲ್‌ನಲ್ಲಿ ರಾತ್ರಿಯಿಡೀ ಕಲಕಲು ಬಿಡಿ. ದ್ರಾವಕ ತಿಳಿಯಾಗುವವರೆಗೆ ಬದಲಿಸಿ. ವರ್ಣದ್ರವ್ಯ, ಕೊಬ್ಬು, ಮ್ಯಾನಿಟಾಲ್ ಹೋಗುವುದು ಇಲ್ಲೇ. ನೀವು ಬಿಟ್ಟಿರುವ ಹಂತ ಇದು, ಕಂದು ಬಣ್ಣಕ್ಕೂ ಮುಖ್ಯ ಕಾರಣ ಇದೇ.

ಆಮೇಲೆ 65–70 ಡಿಗ್ರಿ ನೀರಿನಲ್ಲಿ 2–3 ತಾಸು ಸಾಕು. ಬಟ್ಟೆಯಲ್ಲಿ ಸೋಸಿದರೆ ಸಣ್ಣ ಕಣ ಉಳಿಯುತ್ತವೆ, ಸೆಂಟ್ರಿಫ್ಯೂಜ್ ಮಾಡಿ. ತಿಳಿಗೆ 100 ಮಿಲಿಗೆ 1 ಗ್ರಾಂನಂತೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಕೂತದ್ದು ಆಲ್ಜಿನೇಟ್, ಅದನ್ನು ಬಿಸಾಡಿ. ಎಥನಾಲನ್ನು ಎರಡು ಸಲದಲ್ಲಿ ಹಾಕಬೇಕು. 100 ಮಿಲಿ ತಿಳಿಗೆ ಶೇ. 95ರ ಎಥನಾಲ್ 46 ಮಿಲಿ ಹಾಕಿದರೆ ಶೇ. 30 ಆಗುತ್ತದೆ, ನಾಲ್ಕು ತಾಸು ಬಿಟ್ಟು, ಕೂತ ಕಲ್ಮಶ ತೆಗೆಯಿರಿ. ಮತ್ತೆ 234 ಮಿಲಿ ಹಾಕಿದರೆ ಶೇ. 70. ಈಗ ಕೂರುವುದು ಫ್ಯೂಕಾಯ್ಡನ್. ಅದನ್ನು ನೀರಿನಲ್ಲಿ ಕರಗಿಸಿ ಡಯಾಲಿಸಿಸ್‌ಗೆ (ಸೂಕ್ಷ್ಮ ರಂಧ್ರದ ಚೀಲದಿಂದ ಉಪ್ಪನ್ನು ಹೊರಗಿನ ನೀರಿಗೆ ಬಿಡುವ ಕ್ರಮ) ಹಾಕಿ, ಹೊರನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದರೆ ಬಿಳುಪೇರದಂತಾಗುವವರೆಗೆ ನೀರು ಬದಲಿಸಿ, ಫ್ರೀಜ್ ಡ್ರೈ ಮಾಡಿ.

ಹೆಸರು ಹಾಕಬೇಕಾದರೆ ಫ್ಯೂಕೋಸ್ ಮತ್ತು ಸಲ್ಫೇಟ್ ಎರಡರ ಅಳತೆಯೂ ಬೇಕು. ಫ್ಯೂಕೋಸ್‌ಗೆ ಸಿಸ್ಟೀನ್–ಸಲ್ಫ್ಯೂರಿಕ್ ಆಮ್ಲ ವಿಧಾನ, 396 ಮತ್ತು 430 ನ್ಯಾನೋಮೀಟರ್‌ಗಳ ವ್ಯತ್ಯಾಸ. ಸಲ್ಫೇಟ್‌ಗೆ ಬೇರಿಯಂ ಕ್ಲೋರೈಡ್–ಜೆಲಟಿನ್. ಡಯಾಲಿಸಿಸ್ ಅರ್ಧಕ್ಕೆ ನಿಲ್ಲಿಸಿದರೆ ಸಮುದ್ರದ ಬಿಡಿ ಸಲ್ಫೇಟೂ ಲೆಕ್ಕಕ್ಕೆ ಸೇರಿ ಅಂಕಿ ಹಿಗ್ಗುತ್ತದೆ.

ಬಂಡೆಹೂ:
ಡಿಪಿಪಿಎಚ್ ಫಲಿತಾಂಶದ ಬಗ್ಗೆ ಒಂದು ಮಾತು. ಕಂದು ಕಳೆಗಳಲ್ಲಿ ಫ್ಲೋರೋಟ್ಯಾನಿನ್ ಎಂಬ ಪಾಲಿಫೀನಾಲ್‌ಗಳಿವೆ, ಅವು ಪಾಲಿಸ್ಯಾಕರೈಡ್‌ಗೆ ಅಂಟಿಕೊಂಡು ಬರುತ್ತವೆ. ಆ ಪರೀಕ್ಷೆಯಲ್ಲಿ ಕೆಲಸ ಮಾಡುತ್ತಿರುವುದು ಅವೇ ಇರಬಹುದು. ಫಾಲಿನ್–ಸಿಯೋಕಾಲ್ಟೊ ವಿಧಾನದಲ್ಲಿ ಫೀನಾಲ್ ಅಳೆಯಿರಿ. ಶುದ್ಧೀಕರಣ ಮುಂದುವರಿದಂತೆ ಫೀನಾಲ್ ಮತ್ತು ನಿರೋಧಕ ಗುಣ ಜೊತೆಜೊತೆಗೇ ಇಳಿದರೆ ಆ ಶ್ರೇಯ ಫ್ಯೂಕಾಯ್ಡನ್‌ಗೆ ಸಲ್ಲದು.

ಮುಂದೆ ಮ್ಯಾಕ್ರೋಫೇಜ್ ಕೋಶಗಳ ಮೇಲೆ ರೋಗನಿರೋಧಕ ಪರೀಕ್ಷೆ ಮಾಡುವಿರಾದರೆ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ನೆನಪಿರಲಿ. ಕಡಲಕಳೆಯ ಮೈತುಂಬ ಬ್ಯಾಕ್ಟೀರಿಯಾ ಇರುತ್ತವೆ. ಎಂಡೋಟಾಕ್ಸಿನ್ ಒಂದಿಷ್ಟು ಉಳಿದರೂ ಕೋಶಗಳು ನೈಟ್ರಿಕ್ ಆಕ್ಸೈಡ್ ಸುರಿಸುತ್ತವೆ, ನಾವು ಅದನ್ನೇ ಕಳೆಯ ಗುಣ ಎಂದುಕೊಳ್ಳುತ್ತೇವೆ. ಎಂಡೋಟಾಕ್ಸಿನ್‌ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪಾಲಿಮಿಕ್ಸಿನ್ ಬಿ ಸೇರಿಸಿದ ಒಂದು ಸಾಲು ಮಾದರಿಗಳನ್ನು ಹೋಲಿಕೆಗೆ ಇಡಲೇಬೇಕು. ಫ್ಯೂಕಾಯ್ಡನ್‌ನ ಔಷಧೀಯ ಭರವಸೆ ದೊಡ್ಡದು ಎಂದು ನಾನೂ ನಂಬುತ್ತೇನೆ, ಅದಕ್ಕೇ ಇಷ್ಟು ಬಿಗಿ.

ಉಪ್ಪುಗಾಳಿ:
ಮನೆಯವರ ಪ್ರಶ್ನೆಗೆ: ಬೇಡ ಎನ್ನಿ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ನಮ್ಮ ಅಯೋಡಿನ್‌ಯುಕ್ತ ಉಪ್ಪಿನಿಂದಲೇ ಅದರ ಹೆಚ್ಚಿನ ಪಾಲು ಬರುತ್ತದೆ. ಕಂದು ಕಳೆಗಳಲ್ಲಿ ಅಯೋಡಿನ್ ಜಾತಿಯಿಂದ ಜಾತಿಗೆ ವಿಪರೀತ ಬದಲಾಗುತ್ತದೆ, ಜಪಾನಿನಲ್ಲಿ ‘ಕೊಂಬು’ ಎಂದು ಕರೆಯುವ ಕೆಲ್ಪ್‌ನಂಥ (ದೊಡ್ಡ ಕಂದು ಕಳೆ) ಜಾತಿಯ ಒಂದೇ ಗ್ರಾಂ 2,000 ಮೈಕ್ರೋಗ್ರಾಂ ದಾಟುವುದುಂಟು. ಥೈರಾಯ್ಡ್ ತೊಂದರೆ ಇದ್ದವರಿಗೆ ಇದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಮಾಡೀತು. ಇನ್ನೊಂದು, ಜಪಾನಿನ ಹಿಜಿಕಿ ಕೂಡ ಸಾರ್ಗ್ಯಾಸಮ್ ಕುಲದ್ದೇ. ಅದರಲ್ಲಿ ಅಜೈವಿಕ ಆರ್ಸೆನಿಕ್ ಹೆಚ್ಚಿರುವುದರಿಂದ ತಿನ್ನಬೇಡಿ ಎಂದು ಬ್ರಿಟನ್‌ನ ಆಹಾರ ಮಾನಕ ಸಂಸ್ಥೆ 2004ರಲ್ಲೇ ಹೇಳಿದೆ. ಬಂಡೆಯಿಂದ ಕಿತ್ತದ್ದನ್ನು ಪರೀಕ್ಷೆ ಮಾಡಿಸದೆ ಬಾಯಿಗೆ ಹಾಕಬಾರದು. ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ಅಂಗಡಿಯ ಫ್ಯೂಕಾಯ್ಡನ್ ಕ್ಯಾಪ್ಸೂಲನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು, ಅದಕ್ಕೂ ಹೆಪ್ಪು ತಡೆಯುವ ಗುಣವಿದೆ.

ಕಡಲತಡಿ:
ಎಲ್ಲರಿಗೂ ಧನ್ಯವಾದ. ನೀರಿನ ಬದಲು ಆಮ್ಲದಲ್ಲಿ ತೆಗೆದರೆ ಕ್ಯಾಲ್ಸಿಯಂ ಹಂತ ಬಿಡಬಹುದೇ?

ಸಾರಸತ್ವ:
ಸ್ವಲ್ಪ ಮಟ್ಟಿಗೆ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಲ್ಜಿನೇಟ್ ಕರಗದ ಆಲ್ಜಿನಿಕ್ ಆಮ್ಲವಾಗಿ ಕಳೆಯಲ್ಲೇ ಉಳಿಯುತ್ತದೆ. ಆದರೆ 60 ಡಿಗ್ರಿ, 2 ತಾಸು ಮೀರಬೇಡಿ. ಸರಪಳಿ ತುಂಡಾಗಿ ಸಲ್ಫೇಟ್ ಕಳಚುತ್ತದೆ, ಚಟುವಟಿಕೆಯೂ ಕುಗ್ಗುತ್ತದೆ. ಕಳೆಯನ್ನು ಪೂರ್ತಿ ಸೋಸಿ ತೆಗೆದ ನಂತರವೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7ಕ್ಕೆ ತನ್ನಿ. ಕಳೆ ಒಳಗಿರುವಾಗಲೇ ಹಾಕಿದರೆ ಆಲ್ಜಿನಿಕ್ ಆಮ್ಲ ಮತ್ತೆ ಸೋಡಿಯಂ ಆಲ್ಜಿನೇಟ್ ಆಗಿ ಕರಗಿಬಿಡುತ್ತದೆ.